ಬ್ರೆಡ್ಡಿನ ವ್ಯಾನಿಗೆ ಟರ್ಬೈನು

ಮನುಷ್ಯನ ಸಂಚಾರದ ಇತಿಹಾಸದಲ್ಲಿ ಆ ಬೆಳಗು ದಪ್ಪ ಅಕ್ಷರದಲ್ಲಿ ದಾಖಲಾಗಬೇಕಾದದ್ದು: ಬೇಕರಿಯ ವ್ಯಾನು ಟರ್ಬೈನ್ ಎಂಜಿನ್ನಿನ ಬಲದಿಂದ ಬ್ರೆಡ್ಡು ಹಂಚಲು ಹೊರಟಿತ್ತು. ಸ್ಟೇರಿಂಗ್ ಹಿಡಿದವಳು ಅಕ್ಕ. ವಿಮಾನದ ವರ್ಕ್‌ಶಾಪಿನಿಂದ ನಿವೃತ್ತಳಾದಾಗ, ಗುಜರಿಗೆ ಹೊರಟಿದ್ದ ಈ ಪುಟ್ಟ ಎಂಜಿನ್ನನ್ನು ಕೊಂಡು ತಂದಿದ್ದಳು. ಪಕ್ಕದಲ್ಲಿ ಬೇಕರಿಯ ಒಡೆಯನಾದ ತಮ್ಮ, ಮಡಿಲಲ್ಲೊಂದು ಟ್ರೇ ಹಿಡಿದು. ಕರಾರು ಸರಳ: ಒಂದು ಟ್ಯಾಂಕಿನಲ್ಲಿ ಎಲ್ಲ ಅಂಗಡಿ ಮುಗಿದರೆ ಟರ್ಬೈನು ಉಳಿಯುತ್ತದೆ, ಇಲ್ಲವಾದರೆ ವ್ಯಾನಿಗೆ ಹಳೆಯ ಡೀಸೆಲ್ ಎಂಜಿನ್ನು, ಟರ್ಬೈನಿಗೆ ಗುಜರಿ.

ಬೈಪಾಸಿನಲ್ಲಿ ವ್ಯಾನು ಬೆಣ್ಣೆಯಿಂದ ಕೂದಲೆಳೆದಷ್ಟು ನಯವಾಗಿ ಹೋಯಿತು.

"ಎಲ್ಲಾದರೂ ನಡುಕ ಇದೆಯೇನೋ?" ಎಂದಳು ಅಕ್ಕ.

"ನನಗಿದೆ. ನೀನು ರಸ್ತೆ ನೋಡು ಮಾರಾಯ್ತಿ."

ಪೇಟೆಯ ಮೊದಲ ಸಿಗ್ನಲ್ಲಿನಲ್ಲೇ ಬಣ್ಣ ಬಯಲಾಯಿತು. ವ್ಯಾನು ನಿಂತಿತು, ಟರ್ಬೈನು ಸಿಳ್ಳೆ ಹಾಕುತ್ತ, ನಿಂತಲ್ಲೇ ಗಟಗಟ ಎಣ್ಣೆ ಕುಡಿಯುತ್ತಿತ್ತು. ಹಸಿರು ಬಂದಾಗ ಅಕ್ಕ ಆಕ್ಸಿಲರೇಟರ್ ಒತ್ತಿದಳು. ಅದು ಯೋಚಿಸಿ ವೇಗ ಹಿಡಿಯುವಷ್ಟರಲ್ಲಿ ಹಿಂದಿನವರು ಹಾರ್ನು ಬಾರಿಸಿ, ಅವಳ ಮನೆತನವನ್ನೆಲ್ಲ ವಿಚಾರಿಸಿಕೊಂಡು ಮುಂದೆ ಹೋದರು. ಅಂಗಡಿ ಅಂಗಡಿಗೂ ಇದೇ ರಾಮಾಯಣ. ಅವಳು ಎಂಜಿನ್ನನ್ನು ಪರೀಕ್ಷೆಯ ಸ್ಟ್ಯಾಂಡಿಗೆ ಬಿಗಿದು, ಒಂದೇ ವೇಗದಲ್ಲಿ ದಿನಗಟ್ಟಲೆ ಓಡಿಸಿ ಲೆಕ್ಕ ಹಾಕಿದ್ದಳು. ಸ್ಟ್ಯಾಂಡಿನ ಮೇಲೆ ಸಿಗ್ನಲ್ಲಿರಲಿಲ್ಲ.

"ನಿಂತಾಗ ಆಫ್ ಮಾಡೇ!"

"ಬಿಸಿ ಇರೋವಾಗ ಪದೇ ಪದೇ ಆರಿಸಿದ್ರೆ ಬೇರಿಂಗು ಹಾಳಾಗುತ್ತೆ ಕಣೋ."

"ಆರಿಸದಿದ್ರೆ ನಾನು ಹಾಳಾಗ್ತೀನಿ."

ಇನ್ನೂ ಮೂರು ಅಂಗಡಿ ಇರುವಾಗ ಟ್ಯಾಂಕು ಬರಿದಾಯಿತು. ಅಕ್ಕ ಇಳಿದು, ಟ್ರೇ ತಲೆಯ ಮೇಲೆ ಹೊತ್ತು ನಡೆದಳು. ತಮ್ಮ ಗೊಣಗುತ್ತ ಇನ್ನೊಂದನ್ನು ಹೊತ್ತ.

ಕೊನೆಯ ಅಂಗಡಿಯಾತ ಬ್ರೆಡ್ಡು ಮುಟ್ಟಿ ಹುಬ್ಬೇರಿಸಿದ. "ಏನಮ್ಮಾ, ಈಗಷ್ಟೇ ಒಲೆಯಿಂದ ಇಳಿಸಿದ ಹಾಗಿದೆ! ದಿನಾ ತಣ್ಣಗಿರೋದು ತರ್ತಿದ್ರಲ್ಲ?"

ಅಕ್ಕ ವ್ಯಾನಿಗೆ ಮರಳಿ, ಟ್ರೇಗಳಿದ್ದ ಕಬ್ಬಿಣದ ನೆಲಕ್ಕೆ ಅಂಗೈ ಒತ್ತಿದಳು. ಚುರ್ರೆಂದಿತು. ಟರ್ಬೈನು ಕುಡಿದ ಎಣ್ಣೆಯೆಲ್ಲ ಎಲ್ಲಿಗೆ ಹೋಗಿತ್ತೆಂದು ಕೈಗೆ ತಿಳಿಯಿತು. ಅಂಗೈಯನ್ನು ಸೀರೆಗೆ ಒರೆಸಿಕೊಂಡು, ಬೇಕರಿಯ ಹಿತ್ತಲು ಎಷ್ಟು ಅಗಲವಿದೆ ಎಂದು ಮನಸ್ಸಿನಲ್ಲೇ ಅಳೆಯತೊಡಗಿದಳು.

ತಮ್ಮ ಸ್ವಲ್ಪ ಮೆತ್ತಗೆ ಕೇಳಿದ, "ಗುಜರಿಯವನಿಗೆ ಫೋನ್ ಮಾಡ್ಲಾ?"

"ಮಾಡು. ದಪ್ಪ ಪೈಪು ಇದೆಯಾ ಕೇಳು. ಒಂದು ಜನರೇಟರೂ ಬೇಕು."

ಅಂದು ಸಂಜೆಯೇ ಹಳೆಯ ಡೀಸೆಲ್ ಎಂಜಿನ್ನು ವ್ಯಾನಿಗೆ ಮರಳಿತು, ಬಿಗಿದವಳು ಅಕ್ಕನೇ. ಟರ್ಬೈನು ಈಗ ಬೇಕರಿಯ ಹಿತ್ತಲಲ್ಲಿ ಒಂದೇ ವೇಗದಲ್ಲಿ ಓಡುತ್ತದೆ. ಹಿಟ್ಟು ನಾದುವ ಯಂತ್ರಕ್ಕೆ ಅದರ ಕರೆಂಟು, ಒಲೆಗೆ ಅದರ ಬಿಸಿ.