ಗುರುವಾರದ ಬಿಳಿ ಕೋಟು

ಭಾನುವಾರ ಬಂತೆಂದರೆ ಇರುವೆಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕಾಗದ ಎಲ್ಲಿ ಕಂಡರೂ ಹೊತ್ತು ತಂದು ಕೂಡಿಡುವವಳೆಂದು ಮನೆಯವರು ಇಟ್ಟ ಹೆಸರು ಅದು. ಮುಚ್ಚಿದ ಅಂಗಡಿಗಳ ಮುಂದೆ ಹಳೇ ಪುಸ್ತಕ ಹರವಿ ಕೂರುವ ತಾತನ ಬಳಿ ಕುಕ್ಕರಗಾಲಲ್ಲಿ ಕೂತು ಅವಳು ಡೈರಿ, ಪ್ಲ್ಯಾನರ್, ಉಂಗುರ ಹಾಕಿದ ಆರ್ಗನೈಸರ್ ಹುಡುಕುತ್ತಿದ್ದಳು. ಉಂಗುರಗಳನ್ನು ತೆರೆದು, ಮುಚ್ಚಿ, ಕಿವಿಗೊಟ್ಟು ಕೇಳುವಳು. ‘ಟಕ್’ ಎಂದರೆ ಗಟ್ಟಿ, ‘ಚಿಟ್’ ಎಂದರೆ ಸಡಿಲ.

“ಹೋದ ವರ್ಷಗಳನ್ನೆಲ್ಲ ನೀನೇ ಹೊತ್ಕೊಂಡು ಹೋಗ್ತೀಯಲ್ಲಮ್ಮ,” ಎಂದು ತಾತ ನಗುವನು. “ಯಾರಾದ್ರೂ ವಾಪಸ್ ಬೇಕು ಅಂದ್ರೆ ನಿನ್ನ ಹತ್ರಾನೇ ಕಳಿಸ್ತೀನಿ.”

ಆ ಭಾನುವಾರ ಸಿಕ್ಕಿದ್ದು ಕಂದು ಚರ್ಮದ ಹೊದಿಕೆಯ, ಆರು ಉಂಗುರದ ಆರ್ಗನೈಸರ್. ಹನ್ನೊಂದು ವರ್ಷ ಹಳೆಯದು. ಜನವರಿ ಒಂದು ಯಾವ ವಾರ ಎಂದು ನೋಡಿದಳು. ಈ ವರ್ಷದ್ದೇ ವಾರ! ಮಾರ್ಚಿ, ಜುಲೈ, ಡಿಸೆಂಬರ್, ಎಲ್ಲವೂ ಕೂಡಿಬಂತು. ಹನ್ನೊಂದು ವರ್ಷ ಊರೆಲ್ಲ ಸುತ್ತಿ ದಿನಗಳು ತಂತಮ್ಮ ಜಾಗಕ್ಕೆ ಬಂದು ಕೂತಿದ್ದವು.

ಮನೆಯ ಟ್ರಂಕಿನಲ್ಲಿ ಅಂಥವು ಇನ್ನೂ ಏಳಿದ್ದವು. ಅವಳು ಒಂದರಲ್ಲೂ ಒಂದಕ್ಷರ ಬರೆದಿರಲಿಲ್ಲ. ಏಳನೆಯ ತರಗತಿಗೇ ಶಾಲೆ ಬಿಟ್ಟು ಚಿಕ್ಕಮ್ಮನ ಹೊಲಿಗೆ ಅಂಗಡಿ ಸೇರಿದವಳಿಗೆ ಬರೆದಿಡುವಂಥ ದಿನಗಳೇ ಇರಲಿಲ್ಲ. ಗುಂಡಿ, ಕಾಜ, ಅಂಚು ಮಡಿಸುವುದು, ನಾಳೆಯೂ ಅದೇ. ಆದರೆ ಇದನ್ನು ಅಂಗಡಿಯಲ್ಲೇ ಇಡಬೇಕೆಂದು ಮನಸ್ಸು ಮಾಡಿದಳು. ಯಾರ ತೋಳು ಎಷ್ಟುದ್ದ, ಯಾರಿಗೆ ಯಾವತ್ತು ಕೊಡಬೇಕು ಎಂಬುದನ್ನು ಮೂವತ್ತು ವರ್ಷ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಚಿಕ್ಕಮ್ಮ ಈಚೆಗೆ ಮರೆಯತೊಡಗಿದ್ದರು. ಒಬ್ಬರ ಅಂಗಿಯನ್ನು ಇನ್ನೊಬ್ಬರಿಗೆ ಕೊಟ್ಟು ಕಳಿಸಿದ್ದರು. ಕತ್ತರಿ ಕೈಯಲ್ಲಿ ಹಿಡಿದೇ ಕತ್ತರಿ ಹುಡುಕಿದ್ದರು. ಇರುವೆ ನೋಡಿಯೂ ನೋಡದವಳಂತಿದ್ದಳು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಎಲ್ಲಿಂದ ತರುವುದು?

ಹಳೆಯ ಒಡೆಯ ಅಲ್ಲಲ್ಲಿ ಪೆನ್ಸಿಲಿನಲ್ಲಿ ಬರೆದದ್ದನ್ನು ರಬ್ಬರಿನಿಂದ ಅಳಿಸಿ, ಯಾರ ಬಟ್ಟೆ ಯಾವತ್ತಿಗೆ ಎಂದು ತಾನೂ ಪೆನ್ಸಿಲಿನಲ್ಲೇ ಬರೆದು, ಮೆಷಿನ್ ಪಕ್ಕ ಇಟ್ಟಳು.

“ಏನೇ ಇದು? ನನಗೆ ಬದಲಿ ತಲೆ ತಂದ್ಯಾ?” ಎಂದರು ಚಿಕ್ಕಮ್ಮ.

“ಇಲ್ಲ ಚಿಕ್ಕಮ್ಮ... ಸುಮ್ನೆ.”

“ಸುಮ್ನೆ ಆಗಿದ್ರೆ ನಿನ್ನ ಟ್ರಂಕಲ್ಲೇ ಇರ್ತಿತ್ತು.”

ದೂರ ತಳ್ಳಿದರೇನೋ ನಿಜ. ಆದರೆ ತಾನು ಕಾಜ ಹೊಲಿಯಲು ತಲೆ ತಗ್ಗಿಸಿದಾಗ ಚಿಕ್ಕಮ್ಮ ಕದ್ದು ಹಾಳೆ ತಿರುವುವುದು ಇರುವೆಗೆ ಕಾಣದೆ ಇರಲಿಲ್ಲ.

ಮುಂದಿನ ವಾರ ಚಿಕ್ಕಮ್ಮನ ಮಾತೇ ಕಡಿಮೆಯಾಯಿತು. ಸೋಮವಾರ ಕಪಾಟಿನ ಗಂಟುಗಳನ್ನೆಲ್ಲ ಎಳೆದುಹಾಕಿ ಹುಡುಕಿದರು. ಗಿರಾಕಿಗಳ ಅಳತೆಗಳನ್ನು ಎರಡು ಸಲ ಮೊದಲಿಂದ ಬಾಯಲ್ಲೇ ಹೇಳಿಕೊಂಡರು. ಆಮೇಲೆ ಯಾರಿಗೂ ಹೇಳದೆ ಬಟ್ಟೆಯಂಗಡಿಗೆ ಹೋಗಿ ಬಂದರು. ಇರುವೆ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಏನನ್ನೋ ಮೇಜಿನಡಿ ತುರುಕುವರು. ಗುರುವಾರ ನೋಡಿದರೆ, ಗೂಟದಲ್ಲಿ ಹೊಸ ಬಿಳಿ ಕೋಟು ತೂಗುತ್ತಿತ್ತು.

“ಯಾರದು ಚಿಕ್ಕಮ್ಮ?”

“ಬರ್ತಾರೆ. ನಾಲ್ಕಕ್ಕೆ.”

ನಾಲ್ಕಾಯಿತು, ನಾಲ್ಕೂವರೆಯಾಯಿತು. ಚಿಕ್ಕಮ್ಮನ ಕಣ್ಣು ಬಾಗಿಲಲ್ಲೇ ನೆಟ್ಟಿತ್ತು. ಇರುವೆ ಮೆಲ್ಲಗೆ ಆರ್ಗನೈಸರ್ ತೆರೆದಳು. ಗುರುವಾರದ ಹಾಳೆಯ ಅಡಿಯಲ್ಲಿ ಮಸುಕಾದ ಪೆನ್ಸಿಲ್ ಸಾಲು: ‘ನಾಲ್ಕು ಗಂಟೆ. ಬಿಳಿ ಕೋಟು. ಮರೆಯಬಾರದು.’ ಅವಳ ಕೈಬರಹವಲ್ಲ. ಅಳಿಸುವಾಗ ಕಣ್ತಪ್ಪಿ ಉಳಿದದ್ದು.

ಚಿಕ್ಕಮ್ಮ ಅದನ್ನು ತಾವು ಮರೆತ ಗಿರಾಕಿಯ ಕೆಲಸವೆಂದು ನಂಬಿದ್ದರು. ಹೇಳಿದರೆ, ಚಿಕ್ಕಮ್ಮ ಮೂರು ದಿನ ತಮ್ಮನ್ನು ತಾವೇ ನಂಬದೆ ಒದ್ದಾಡಿದ್ದು ಬಯಲಾಗುತ್ತದೆ. ಹೇಳದಿದ್ದರೆ, ಯಾರದೋ ಬಟ್ಟೆ, ಯಾರದೋ ಅಳತೆ, ಯಾರದೋ ಮುಖ ಎಲ್ಲವನ್ನೂ ಕಳೆದೆನೆಂದೇ ಅವರು ಕೊರಗುತ್ತಾರೆ.

“ಯಾರೂ ಬರಲ್ಲ ಚಿಕ್ಕಮ್ಮ,” ಎಂದಳು. “ನೀವೇನೂ ಮರೆತಿಲ್ಲ. ಕೋಟು ಯಾರೂ ಕೇಳೇ ಇಲ್ಲ. ಈ ಸಾಲು ಹನ್ನೊಂದು ವರ್ಷದ ಹಿಂದಿನ ಗುರುವಾರದ್ದು. ನಾನು ಅಳಿಸ್ದೆ ಬಿಟ್ಟಿದ್ದೆ. ತಪ್ಪು ನಂದು.”

ಅವಳ ಬಾಯಿಂದ ಅಷ್ಟು ಮಾತು ಒಟ್ಟಿಗೆ ಬಂದದ್ದನ್ನು ಚಿಕ್ಕಮ್ಮ ಕೇಳಿದ್ದೇ ಇಲ್ಲ.

“ಅಂದ್ರೆ... ಬಟ್ಟೆ ನಾನು ಕಳೆದಿಲ್ಲ?”

“ಇಲ್ಲ.”

“ಅಳತೆ?”

“ಇದ್ರೆ ತಾನೆ!”

“ನಿನ್ನ ಮನೆ ಹಾಳಾಗ! ಯಾರದೋ ಹಳಸಿದ ಗುರುವಾರಕ್ಕೆ ನಾನು ಕಾಲರ್ ಕೂರಿಸಿದ್ನಲ್ಲೇ!” ಚಿಕ್ಕಮ್ಮ ಬಿದ್ದು ಬಿದ್ದು ನಕ್ಕರು. ಕಣ್ಣಲ್ಲಿ ನೀರು ಬಂತು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ.

“ಇದೊಂದು ನನ್ನ ತಪ್ಪಲ್ಲ, ಸರಿ,” ಎಂದರು ಕಣ್ಣೊರೆಸಿಕೊಂಡು. “ಮಿಕ್ಕಿದ್ದು? ನೋಡ್ತಾನೇ ಇದ್ದೀಯ ಅಲ್ವೇನೇ?”

ಇಲ್ಲ ಎನ್ನಬಹುದಿತ್ತು. “ಹೂಂ,” ಎಂದಳು ಇರುವೆ.

ಚಿಕ್ಕಮ್ಮ ಎದ್ದು ಕಪಾಟಿನ ಗಂಟುಗಳನ್ನೆಲ್ಲ ತಂದು ನೆಲಕ್ಕೆ ಸುರಿದು, ಪಕ್ಕದಲ್ಲಿ ಕಾಲು ಮಡಿಸಿ ಕೂತರು. “ತೆಗಿ ಪೆನ್ಸಿಲ್. ಇದು ನರ್ಸಮ್ಮಂದು, ಮಂಗಳವಾರಕ್ಕೆ. ಇದು ಅಂಚೆಯವನ ಪ್ಯಾಂಟು, ಸೊಂಟ ಸಡಿಲ ಮಾಡ್ಬೇಕು. ಹೊಟ್ಟೆಗೆ ಲಂಗುಲಗಾಮಿಲ್ಲ ಅವನಿಗೆ. ಅದನ್ನ ಬರೀಬೇಡ!”

ಇರುವೆ ಬರೆಯುತ್ತ ಹೋದಳು. ಹಸಿರು ಹೂವಿನ ಬಟ್ಟೆಯೊಂದು ಕೈಗೆ ಬಂದಾಗ ಚಿಕ್ಕಮ್ಮ ಅದನ್ನು ಎರಡು ಬೆರಳಲ್ಲಿ ಉಜ್ಜಿದರು, ತಿರುಗಿಸಿದರು, ಬೆಳಕಿಗೆ ಹಿಡಿದರು.

“ಇದು ಗೊತ್ತಾಗ್ತಿಲ್ಲ ಕಣೇ.”

ಪೆನ್ಸಿಲ್ ನಿಂತಿತು.

“ನಿಲ್ಲಿಸ್ದೆ ಯಾಕೆ? ಗೊತ್ತಿಲ್ಲ ಅಂತಾನೇ ಬರಿ. ಬಂದವರನ್ನ ಕೇಳೋಣ.”

ಅವಳು ಬರೆದಳು. ಚಿಕ್ಕಮ್ಮ ಮುಂದಿನ ಗಂಟು ಬಿಚ್ಚಿದರು.