ಒಬ್ಬ ಬದುಕಿದಾ

ಕಬಡ್ಡಿಯಲ್ಲಿ ಔಟಾದವನನ್ನು ನಮ್ಮ ಕಡೆ ಸತ್ತ ಎನ್ನುತ್ತಾರೆ. ಪಾಯಿಂಟ್ ಬಂದು ಅವನು ಮತ್ತೆ ಒಳಗೆ ಬಂದರೆ ಬದುಕಿದ ಎನ್ನುತ್ತಾರೆ. ನನ್ನ ಗೆಳೆಯ, ಯಲ್ಲಾಪುರದ ಟೆಂಪೋ ಚಾಲಕ ಉಲ್ಲಾಸ ಪಂದ್ಯದ ಮೈಕಿನಲ್ಲಿ ‘ಒಬ್ಬ ಬದುಕಿದಾ’ ಎಂದರೆ ಕೊನೆಯ ‘ದಾ’ ಅರಬೈಲ್ ಘಟ್ಟ ಹತ್ತುವ ಅವನದೇ ಟೆಂಪೋದಂತೆ ಏರುತ್ತ ಏರುತ್ತ ಹೋಗುತ್ತಿತ್ತು. ಊರಿನ ಯಾರ ದನಿಯನ್ನಾದರೂ ಕದಿಯುವ ಮಿಮಿಕ್ರಿ ಶಶಾಂಕ ನಾನು. ಆ ‘ದಾ’ ಹಿಡಿಯಲು ನನಗೂ ಎರಡು ವರ್ಷ ಬೇಕಾಗಿತ್ತು.

ಖಿನ್ನತೆ ಶುರುವಾದ ಮೇಲೆ ಉಲ್ಲಾಸನಲ್ಲಿ ಹೆಸರಿನ ಹೊರತು ಉಲ್ಲಾಸ ಉಳಿಯಲಿಲ್ಲ. ಶಿರಸಿಯ ಮನೋವೈದ್ಯೆ, ನನ್ನ ದೊಡ್ಡಪ್ಪನ ಮಗಳು ಸಂಹಿತಕ್ಕ, ಚಿಕಿತ್ಸೆಯ ಜೊತೆಗೆ ತನ್ನ ಅಧ್ಯಯನಕ್ಕೂ ಅವನನ್ನು ಸೇರಿಸಿಕೊಂಡಳು. ಖಿನ್ನತೆ ಇದ್ದವರಲ್ಲಿ ಯಾರ ಜೀವಕ್ಕೆ ಅಪಾಯವಿದೆ ಎಂಬ ಸುಳಿವು ಮೈಯಲ್ಲೇ ಸಿಗುತ್ತದೆಯೇ ಎಂದು ಹುಡುಕುವ ಕೆಲಸ. ಒತ್ತಡದ ಹಾರ್ಮೋನು ಅಳೆಯಲು ಬೆಳಿಗ್ಗೆ ಎದ್ದೊಡನೆ ಪುಟ್ಟ ಬಾಟಲಿಗೆ ಉಗಿಯಬೇಕು. ನಿದ್ದೆ, ಎದೆಬಡಿತ ದಾಖಲಿಸಿ ಅವಳಿಗೆ ಕಳಿಸಲು ಕೈಪಟ್ಟಿ. ವಾರಕ್ಕೊಮ್ಮೆ ಒಂದು ನಿಮಿಷದ ಮಾತು ಫೋನಿನಲ್ಲಿ ಕಳಿಸಬೇಕು. ಮೊದಲ ಬಾಟಲಿ ಕೆಂಪಗೆ ಹೋಯಿತು. ಎಲೆಯಡಿಕೆಯ ಕವಳ ಹಾಕಿಕೊಂಡೇ ಉಗಿದಿದ್ದ.

ಐದನೇ ವಾರ ಅವನು ಫೋನನ್ನು ನನ್ನತ್ತ ದೂಡಿದ.

“ನೀನೇ ಒದರು ಮಾರಾಯ. ಯಾರಿಗೆ ಗೊತ್ತಾಗ್ತದೆ?”

ನನಗೂ ಮೋಜು. ಅವನ ದನಿಯಲ್ಲಿ ಒಂದಿಡೀ ಪಂದ್ಯ ಆಡಿಸಿ, ಕೊನೆಗೆ ‘ದಾ’ ಏರಿಸಿ ಕಳಿಸಿದೆ. ಅವನು ನಗಲಿಲ್ಲ. ಅದನ್ನು ನಾನು ಆಗ ಗಮನಿಸಲೂ ಇಲ್ಲ.

ಮರುದಿನ ಸಂಹಿತಕ್ಕನ ಫೋನ್, ನಮ್ಮ ಮನೆಮಾತು ಹವ್ಯಕದಲ್ಲಿ. ಉಲ್ಲಾಸ ಕರೆ ಎತ್ತಲಿಲ್ಲವಂತೆ; ತುರ್ತಿಗೆಂದು ಅವನು ಬರೆಸಿದ್ದು ನನ್ನ ನಂಬರು.

“ತಮಾ, ಕೈಪಟ್ಟಿ ನೋಡಿದ್ರೆ ನಾಲ್ಕು ದಿನದಿಂದ ನಿದ್ದೆನೇ ಇಲ್ಲೆ. ದನಿ ನೋಡಿದ್ರೆ ಕುಣಿತಾ ಇದ್ದು. ಯಾವ್ದು ಸುಳ್ಳು?”

ಒಪ್ಪಿಕೊಂಡೆ. ಅವಳು ಬೈಯಲಿಲ್ಲ, ಇವತ್ತಿನ ಉಲ್ಲಾಸ ಹೇಗೆ ಮಾತಾಡುತ್ತಾನೋ ಹಾಗೇ ಆಡಿ ತೋರಿಸು ಎಂದಳು. ಆಡಿದೆ. ಪದಕ್ಕೂ ಪದಕ್ಕೂ ನಡುವೆ ಬಸ್ಸು ಒಂದು ಊರು ದಾಟುವಷ್ಟು ಮೌನ. ‘ಒಬ್ಬ... ಬದುಕಿದ.’ ದೀರ್ಘವೇ ಇಲ್ಲ. ನನ್ನದೇ ಬಾಯಿಂದ ಬಂದ ಆ ದನಿ ಕೇಳಿ ಚಪ್ಪಲಿ ಹುಡುಕತೊಡಗಿದೆ.

“ಯಂತ್ರ ಸುಳಿವು ಕೊಡ್ತು, ಉತ್ತರ ಅವನೇ ಕೊಡವು. ಈಗ್ಲೇ ಹೋಗು, ಒಬ್ನೇ ಬಿಡಡ, ಜೊತೆಗೇ ಇರು. ಸಾಯವು ಅನಿಸ್ತಾ ಹೇಳಿ ನೇರ ಕೇಳು. ಕೇಳಿದ್ರೆ ಆ ಯೋಚನೆ ಹುಟ್ತಿಲ್ಲೆ.”

ಹೋದೆ. ಯಾರ ದನಿಯಲ್ಲಿ ಕೇಳುವುದು? ಕದ್ದ ದನಿಗಳೆಲ್ಲ ಕೈಕೊಟ್ಟವು. ನನ್ನದೇ ಒಂದು ಬಳಸದೆ ಬಿದ್ದಿತ್ತು.

“ಉಲ್ಲಾಸಾ, ಸಾಯಬೇಕು ಅನ್ನಿಸ್ತದೇನೋ?”

ಅವನು ಕೈಪಟ್ಟಿಯನ್ನು ಒಂದು ಸುತ್ತು ತಿರುವಿದ.

“ಅನ್ನಿಸ್ತದೆ. ಯಾರಾದ್ರೂ ಕೇಳ್ಲಿ ಅಂತ ಕಾಯ್ತಿದ್ದೆ.”

ಆ ಸಂಜೆಯೇ ಅವನ ಅಕ್ಕ ರೋಹಿಣಿ ಮತ್ತು ನಾನು ಅವನನ್ನು ಶಿರಸಿಗೆ ಕರೆದೊಯ್ದೆವು. ಆಸ್ಪತ್ರೆಯಲ್ಲಿ ಮೂರು ವಾರ, ಹೊಸ ಔಷಧಿ, ದಿನಾ ಮಾತು, ಮನೆಗೆ ಬಂದ ಮೇಲೂ ಯಾರಾದರೊಬ್ಬರು ಜೊತೆಗೆ. ಅವನು ಚೇತರಿಸಿಕೊಂಡ ಮೇಲೆ ಸಂಹಿತಕ್ಕ ಬಿಡುವು ಮಾಡಿಕೊಂಡು ನನ್ನನ್ನು ಉಗಿದು ಉಪ್ಪಿನಕಾಯಿ ಹಾಕಿದಳು. ಬಾಟಲಿಗೆ ಉಗಿದವನು ಉಲ್ಲಾಸ, ಉಗಿಸಿಕೊಂಡವನು ನಾನು.

ನಾಲ್ಕು ತಿಂಗಳ ಮೇಲೆ ಸಿದ್ದಾಪುರದಲ್ಲಿ ಪಂದ್ಯ. ಮೈಕು ಉಲ್ಲಾಸನ ಕೈಯಲ್ಲಿ. ಕೈಪಟ್ಟಿ ಇನ್ನೂ ಇದೆ, ಮಾತ್ರೆಯೂ. ನಮ್ಮ ತಂಡದ ಆರು ಜನ ಸತ್ತು ಹೊರಗಿದ್ದರು. ಉಳಿದೊಬ್ಬ ರೇಡಿಗೆ ಹೋಗಿ, ಎದುರಿನವನನ್ನು ಮುಟ್ಟಿ, ನಡುಗೆರೆಗೆ ಕೈ ಚಾಚಿ ಬಿದ್ದ. ಪಾಯಿಂಟ್ ಬಂತು. ಪಕ್ಕದಲ್ಲಿದ್ದ ಸಂಹಿತಕ್ಕ ನನ್ನ ತೋಳು ಹಿಡಿದಳು.

“ಒಬ್ಬ ಬದುಕಿದಾಆಆ...”

‘ದಾ’ ಘಟ್ಟ ಹತ್ತಿತು, ತಿರುವು ದಾಟಿತು, ತುದಿಯಲ್ಲಿ ನಿಂತು ಹಾರನ್ ಹೊಡೆಯಿತು. ಅಷ್ಟು ಎತ್ತರಕ್ಕೆ ನಾನೆಂದೂ ಹೋದವನಲ್ಲ. ಅವನ ‘ದಾ’ ನಾನಿನ್ನು ಮೊದಲಿನಿಂದ ಕಲಿಯಬೇಕು.