ಹನ್ನೊಂದನೇ ಮಂಚದ ಖಾಲಿ ತಟ್ಟೆ

ಅಕ್ಕಿ ತೊಳೆದ ನೀರು ಅರ್ಧ ದಿನ ಕೂತರೆ ಅದಕ್ಕೊಂದು ವಾಸನೆ ಬರುತ್ತದೆ. ಪೂರ್ತಿ ಹುಳಿಯಲ್ಲ, ಸಿಹಿಯಂತೂ ಅಲ್ಲ. ಗಾಡಿಯಕ್ಕ ಹುಟ್ಟಿ ಬೆಳೆದ ಮನೆಯ ಹಿಂಬಾಗಿಲಲ್ಲಿ ಆ ನೀರಿಗೆಂದೇ ಒಂದು ಗಡಿಗೆ ಇರುತ್ತಿತ್ತು. ತರಕಾರಿ ತೊಳೆದದ್ದು, ಬೇಳೆ ತೊಳೆದದ್ದು ಎಲ್ಲವೂ ಅದಕ್ಕೇ ಬೀಳಬೇಕು. ಸಂಜೆ ಅವಳ ಅಮ್ಮ ಗಡಿಗೆಯನ್ನು ಸೊಂಟಕ್ಕೇರಿಸಿಕೊಂಡು ಹೋಗಿ ಬದನೆ ಗಿಡಗಳ ಬುಡಕ್ಕೆ ಸುರಿಯುವಾಗ ಆ ವಾಸನೆ ಮನೆಯೊಳಗೂ ನುಗ್ಗಿಬರುತ್ತಿತ್ತು.

ಐವತ್ತು ವರ್ಷ ಆದಮೇಲೆ ಅದೇ ವಾಸನೆ ಆಸ್ಪತ್ರೆಯ ಅಡುಗೆಮನೆಯ ಹಿಂದೆ ಅವಳ ಮೂಗಿಗೆ ಬಡಿಯಿತು. ಹೊಸದಾಗಿ ಬಂದ ಪಥ್ಯದ ಮೇಡಂ ಅಲ್ಲಿ ನಾಲ್ಕು ದೊಡ್ಡ ಬಕೆಟ್ ಇಡಿಸಿದ್ದರು. ತರಕಾರಿ ತೊಳೆದ ನೀರು ಇನ್ನು ಮೋರಿಗೆ ಹೋಗಬಾರದು, ತೋಟಕ್ಕೆ ಹೋಗಬೇಕು. ಪಾತ್ರೆಯನ್ನು ನಲ್ಲಿ ಬಿಟ್ಟುಕೊಂಡು ತೊಳೆಯಬಾರದು, ಮೂರು ತೊಟ್ಟಿಯಲ್ಲಿ ಅದ್ದಿ ತೊಳೆಯಬೇಕು. ರೋಗಿಗಳ ಹೂಜಿಯಲ್ಲಿ ಉಳಿದ ನೀರು ನೆಲ ಒರೆಸಲಿಕ್ಕೆ. ಇವೆಲ್ಲವನ್ನೂ ಬಣ್ಣಬಣ್ಣದಲ್ಲಿ ಬರೆದ ಚಾರ್ಟೊಂದು ಗೋಡೆಯ ಮೇಲಿತ್ತು. ಚಾರ್ಟಿನ ಮೂಲೆಯಲ್ಲಿ ಕಣ್ಣು ಬಾಯಿ ಇರುವ ನೀರಿನ ಹನಿಯೊಂದು ನಗುತ್ತಿತ್ತು.

"ನಮ್ಮಮ್ಮ ಚಾರ್ಟ್ ಬರೆದಿರಲಿಲ್ಲ, ಅಷ್ಟೇ," ಅಂದಳು ಗಾಡಿಯಕ್ಕ. ಸ್ಟೂಲಿನ ಮೇಲೆ ಕುಸಿದು ಕೂತು ಬಲಮಂಡಿಯನ್ನು ಒತ್ತಿಕೊಂಡಳು.

ಹತ್ತೊಂಬತ್ತು ವರ್ಷದಿಂದ ಮೂರನೇ ಮಹಡಿಗೆ ಊಟದ ಗಾಡಿ ತಳ್ಳುತ್ತಿದ್ದವಳು ಅವಳು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ಹೆಜ್ಜೆ ಎತ್ತಿಟ್ಟಾಗಲೆಲ್ಲ ಬಲಮಂಡಿ ಕಟಕ್ ಅನ್ನುತ್ತಿತ್ತು. ಗಾಡಿಯ ಒಂದು ಚಕ್ರ ಕೀಂ ಅನ್ನುತ್ತಿತ್ತು. ಕಟಕ್, ಕೀಂ, ಕಟಕ್, ಕೀಂ ಕೇಳಿದರೆ ಸಾಕು, ಊಟ ಬಂತೆಂದು ರೋಗಿಗಳು ಎದ್ದು ಕೂರುತ್ತಿದ್ದರು.

ಅವಳಿಗಿದ್ದ ಆಸೆ ಒಂದೇ. ಅಡುಗೆಮನೆಯ ಕಿಟಕಿಯ ಪಕ್ಕ ತರಕಾರಿ ಹೆಚ್ಚುವವರ ಸಾಲಿನಲ್ಲಿ ಒಂದು ಕುರ್ಚಿ. ಅಲ್ಲಿದ್ದ ಹೆಂಗಸೊಬ್ಬಳು ತಿಂಗಳ ಕೊನೆಗೆ ನಿವೃತ್ತಿಯಾಗುವವಳಿದ್ದಳು. ನಿವೃತ್ತಿಗೆ ಇನ್ನೂ ಮೂರು ವರ್ಷ ಇದ್ದ ಗಾಡಿಯಕ್ಕ ಆ ಮೂರು ವರ್ಷವನ್ನು ಕೂತು ಕಳೆಯಬೇಕೆಂದು ಬಯಸಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಪಥ್ಯದ ಮೇಡಂಗೆ ಮಗಳ ವಯಸ್ಸು. ಮಾತು ಮೆದು, ಹಟ ಗಟ್ಟಿ. "ಅಕ್ಕ, ಮೂರನೇ ಮಹಡಿಯಿಂದ ಮಧ್ಯಾಹ್ನ ಒಂದೇ ಹೊತ್ತಿಗೆ ಹದಿನಾಲ್ಕು ಕೇಜಿ ಊಟ ಬಕೆಟ್ಟಿಗೆ ಬೀಳ್ತಿದೆ. ಅರ್ಧಕ್ಕೆ ಇಳಿಸಿಕೊಡಿ. ಆ ಕುರ್ಚಿಗೆ ನಿಮ್ಮ ಹೆಸರು ನಾನೇ ಬರೀತೀನಿ," ಅಂದಿದ್ದರು.

ಇಳಿಸುವ ದಾರಿಯನ್ನೂ ಅವರೇ ಹೇಳಿಕೊಟ್ಟರು. ಮೊದಲು ಅರ್ಧ ಬಡಿಸಬೇಕು. ಎಷ್ಟು ಬೇಕೆಂದು ಕೇಳಬೇಕು. ಇನ್ನೂ ಬೇಕೆನ್ನುವವರಿಗೆ ಎರಡನೇ ಸುತ್ತು ಬರಬೇಕು. ತಟ್ಟೆ ಖಾಲಿಯಾದರೆ ಮಂಚದ ತುದಿಯಲ್ಲಿ ತೂಗುವ ಕಾರ್ಡಿನಲ್ಲಿ ಒಂದು ಟಿಕ್. ದಾರಿಯೇನೋ ಚೆನ್ನಾಗಿಯೇ ಇತ್ತು. ಆದರೆ ಆ ಎರಡನೇ ಸುತ್ತನ್ನು ನಡೆಯಬೇಕಾದದ್ದು ಅದೇ ಮಂಡಿ.

"ಕೂತ್ಕೊಳ್ಳೋ ಕುರ್ಚಿಗೋಸ್ಕರ ಎರಡು ಪಟ್ಟು ನಡೀಬೇಕಂತೆ," ಎಂದು ಅವಳು ಗೊಣಗಿದರೆ ಅಡುಗೆಯಣ್ಣ ಸೌಟು ಬಡಿದು, "ನಡಿ ತಾಯಿ, ಪುಣ್ಯ ಬರುತ್ತೆ," ಅನ್ನುತ್ತಿದ್ದ.

"ಪುಣ್ಯ ನೀನೇ ಇಟ್ಕೋ. ನನಗೆ ಕುರ್ಚಿ ಕೊಡು."

ಹಾಗೆಂದರೂ ಕೇಳಬೇಕಾದದ್ದನ್ನು ಕೇಳುವುದನ್ನು ಬಿಡಲಿಲ್ಲ. "ಎಷ್ಟು ಹಾಕ್ಲಿ? ನೋಡಿ, ಬಿಟ್ರೆ ಬಕೆಟ್ಟಿಗೆ ಹೋಗುತ್ತೆ. ತಿನ್ನೋಷ್ಟೇ ಹೇಳಿ." ದಿನಕ್ಕೆ ಇಪ್ಪತ್ನಾಲ್ಕು ಮಂಚಕ್ಕೆ ಇಪ್ಪತ್ನಾಲ್ಕು ಸಲ. ಮನೆಯಲ್ಲೂ ಬಾಯಿ ತಪ್ಪಿ ಅದೇ ಬರುತ್ತಿತ್ತು. ಬಸ್ಸು ಓಡಿಸಿ ನಿವೃತ್ತನಾಗಿದ್ದ ಗಂಡ ತಟ್ಟೆ ಮುಂದಿಟ್ಟುಕೊಂಡು, "ಏನೇ, ನನ್ನ ತಟ್ಟೆನೂ ತೂಗ್ತೀಯಾ?" ಎಂದು ನಗುತ್ತಿದ್ದ. ನಗುತ್ತಲೇ ಸ್ನಾನದ ಬಿಸಿನೀರು ಬರುವವರೆಗೆ ಸುರಿಯುವ ತಣ್ಣೀರನ್ನು ಒಂದು ಬಕೆಟ್ಟಿಗೆ ಹಿಡಿಯಲು ಶುರುಮಾಡಿದ್ದ. ಅದರಿಂದ ಅವನೇ ಬಟ್ಟೆ ಜಾಲಿಸುತ್ತಿದ್ದ. ಮಾಡುತ್ತೇನೆಂದು ಹೇಳಿರಲೂ ಇಲ್ಲ, ಮಾಡಿದೆನೆಂದು ಕೊಚ್ಚಿಕೊಂಡಿರಲೂ ಇಲ್ಲ. ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದ, "ಇವತ್ತಿನ ಸ್ಕೋರ್ ಎಷ್ಟು?"

ಹದಿನಾಲ್ಕು ಹನ್ನೊಂದಾಯಿತು. ಹನ್ನೊಂದು ಒಂಬತ್ತಾಯಿತು. ಮೂರನೇ ವಾರಕ್ಕೆ ಏಳೂಕಾಲು.

ಎಲ್ಲರಿಗಿಂತ ಹೆಚ್ಚು ನೆರವಾಗಿದ್ದು ಹನ್ನೊಂದನೇ ಮಂಚ. ಅಲ್ಲಿದ್ದವರು ಒಬ್ಬ ದರ್ಜಿ. ಹೊಟ್ಟೆಯ ಆಪರೇಷನ್ ಆಗಿ ಮೂರು ವಾರ ಆಗಿತ್ತು. ಎಷ್ಟು ಹಾಕಲಿ ಅಂದರೆ, "ಪೂರ್ತಿ ಹಾಕಿ ಅಕ್ಕ," ಅನ್ನುವರು. ತಟ್ಟೆ ನೆಕ್ಕಿದಷ್ಟು ಚೊಕ್ಕಟವಾಗಿ ವಾಪಸು ಬರುವುದು. ಅವರ ಕಾರ್ಡಿನಲ್ಲಿ ಹದಿನಾರು ಟಿಕ್ ಸಾಲಾಗಿ ಕೂತಿದ್ದವು. "ನೋಡಿ ಕಲೀರಿ," ಎಂದು ಗಾಡಿಯಕ್ಕ ಪಕ್ಕದ ಮಂಚದವರಿಗೆ ಆ ಕಾರ್ಡನ್ನೇ ತೋರಿಸುತ್ತಿದ್ದಳು.

ಆದರೆ ವಾರ್ಡಿನ ಸಿಸ್ಟರಿಗೆ ಅದೇ ಕಾರ್ಡು ತಲೆಬಿಸಿಯಾಗಿತ್ತು. "ಇಷ್ಟು ಚೆನ್ನಾಗಿ ಊಟ ಮಾಡ್ತಾರೆ, ತೂಕ ನೋಡಿದ್ರೆ ಇಳೀತಾನೇ ಇದೆ," ಅಂದರು ಅವರು. "ಒಳಗೇನೋ ಕೆಟ್ಟಿದೆ ಅಂತ ಡಾಕ್ಟರಿಗೆ ಅನುಮಾನ. ನಾಳೆ ಬೆಳಿಗ್ಗೆ ಮತ್ತೆ ಕೊಳವೆ ಇಳಿಸಿ ನೋಡ್ತಾರಂತೆ. ಪಾಪ, ಹೋದ ಸಲವೇ ಅವರು ಒದ್ದಾಡಿಬಿಟ್ರು."

ಅದೇ ಮಧ್ಯಾಹ್ನ ಗಾಡಿಯ ಚಕ್ರ ಪೂರ್ತಿ ಕಚ್ಚಿಕೊಂಡಿತು. ಗಾಡಿಯನ್ನು ಲಿಫ್ಟಿನ ಬಳಿ ಬಿಟ್ಟು ಗಾಡಿಯಕ್ಕ ಎರಡನೇ ಸುತ್ತಿಗೆ ಬೋಗುಣಿಯನ್ನು ಕೈಯಲ್ಲೇ ಹಿಡಿದು ಹೊರಟಳು. ಕೀಂ ಇಲ್ಲ. ಮಂಡಿಯ ಕಟಕ್ ಯಾರದೋ ಕೆಮ್ಮಿನಲ್ಲಿ ಮುಳುಗಿಹೋಯಿತು. ಹನ್ನೊಂದನೇ ಮಂಚದ ಪರದೆ ಎಳೆದಿತ್ತು. ಪರದೆಯ ಅಂಚನ್ನು ದರ್ಜಿಯ ಕಡ್ಡಿಯಂಥ ಕೈ ಒಳಗಿನಿಂದ ಬಿಗಿಯಾಗಿ ಹಿಡಿದುಕೊಂಡಿತ್ತು.

ಅವಳು ಪರದೆ ಸರಿಸಿದಳು. ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ದರ್ಜಿಯ ಹೆಂಡತಿ ಗೋಡೆಗೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂತು, ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೇನೋ ಎಂಬಂತೆ ಗಬಗಬ ತಿನ್ನುತ್ತಿದ್ದಳು.

"ಅಕ್ಕಾ..." ಅಂದಳು. ಬಾಯಿ ತುಂಬ ಅನ್ನ.

"ಅವಳಿಗೆ ಬೈಬೇಡಿ," ಅಂದರು ದರ್ಜಿ. "ನಾನೇ ಹೇಳಿದ್ದು. ನನಗೆ ಗಂಟಲಲ್ಲಿ ಇಳಿಯೋದೇ ಇಲ್ಲ, ಅನ್ನ ನೋಡಿದ್ರೆ ಹೊಟ್ಟೆ ತೊಳಸುತ್ತೆ. ವಾಪಸ್ ಕಳಿಸಿದ್ರೆ ಬಕೆಟ್ಟಿಗೆ ಹೋಗುತ್ತೆ ಅಂತ ನೀವೇ ದಿನಾ ಅಂತೀರಲ್ಲ. ಇವಳು ನೋಡಿದ್ರೆ ಮೊದಲ ನಾಲ್ಕೈದು ದಿನ ಬರೀ ಬ್ರೆಡ್ಡಲ್ಲಿ ಇದ್ಳು. ಅದೂ ಮುಗಿದಿತ್ತು."

"ಸಿಸ್ಟರಿಗೆ ಹೇಳಬೇಡಿ ಅಕ್ಕ," ಅಂದಳು ಹೆಂಡತಿ. "ಜೊತೆಗಿರೋರು ರೋಗಿ ಊಟ ಮುಟ್ಟಬಾರದು ಅಂತ ಬಾಗಿಲಲ್ಲೇ ಬರೆದಿದೆ. ನನ್ನನ್ನ ಹೊರಗೆ ಹಾಕಿದ್ರೆ ಇವರನ್ನ ಯಾರು ನೋಡ್ಕೋತಾರೆ?"

ಗಾಡಿಯಕ್ಕ ಬೋಗುಣಿ ಹಿಡಿದುಕೊಂಡೇ ಪರದೆಯನ್ನು ಮೊದಲಿನಂತೆ ಎಳೆದು ಬಂದಳು. ಕಾರ್ಡಿನಲ್ಲಿ ಆವತ್ತು ಟಿಕ್ ಹಾಕಲಿಲ್ಲ. ಹಾಕದೆಯೂ ಇರಲಾಗದೆ ಪೆನ್ನನ್ನು ಸುಮ್ಮನೆ ಎರಡು ಸಲ ತೆಗೆದು ಮುಚ್ಚಿದಳು.

"ಸ್ಕೋರ್ ಎಷ್ಟು?" ಎಂದ ಗಂಡ ಸಂಜೆ.

"ಆರೂ ಮುಕ್ಕಾಲು."

"ಗೆದ್ದುಬಿಟ್ಟೆಯಲ್ಲೇ!"

"ಹ್ಞೂಂ," ಎಂದು ಅವಳು ಗೋಡೆಗೊರಗಿದಳು. ನಡೆದದ್ದನ್ನು ಒಂದೊಂದಾಗಿ ಹೇಳಿದಳು. "ಹೇಳಿದ್ರೆ ಆ ಹೆಂಗಸಿನ ಬಾಯಿಂದ ತುತ್ತು ಕಿತ್ಕೊಂಡ ಹಾಗೆ. ಹೇಳದಿದ್ರೆ ಆ ಮನುಷ್ಯನ ಹೊಟ್ಟೆಗೆ ನಾಳೆ ಕೊಳವೆ ಇಳಿಸ್ತಾರೆ. ಅದೂ ನಾನು ಹಾಕಿದ ಟಿಕ್ಕು ನಂಬ್ಕೊಂಡು."

"ಮತ್ತೆ ಕುರ್ಚಿ?"

"ಅದನ್ನ ಕೇಳಬೇಡಿ ಈಗ."

ಗಂಡ ಎಣ್ಣೆ ಬಿಸಿಮಾಡಿ ತಂದು ಅವಳ ಮಂಡಿಗೆ ತಿಕ್ಕತೊಡಗಿದ. ತಿಕ್ಕುತ್ತಾ ಮಧ್ಯದಲ್ಲಿ, "ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೋಗು. ನಾನೂ ಸ್ಟಾಪಿನವರೆಗೆ ಬರ್ತೀನಿ," ಅಂದ.

ಬೆಳಿಗ್ಗೆ ಸಿಸ್ಟರ್ ಇನ್ನೂ ಟೋಪಿ ಸರಿಮಾಡಿಕೊಳ್ಳುತ್ತಿದ್ದಾಗಲೇ ಗಾಡಿಯಕ್ಕ ಅವರ ಮೇಜಿನ ಮುಂದೆ ನಿಂತಳು. "ಹನ್ನೊಂದರ ಟಿಕ್ಕೆಲ್ಲ ಸುಳ್ಳು, ಸಿಸ್ಟರ್. ಹಾಕಿದ್ದು ನಾನೇ. ತಟ್ಟೆ ಖಾಲಿ ಆಗಿದ್ದು ನೋಡಿದೆ, ಯಾರ ಹೊಟ್ಟೆಗೆ ಹೋಯ್ತು ಅಂತ ನೋಡಲಿಲ್ಲ. ಕೊಳವೆ ನಿಲ್ಲಿಸಿ." ಒಂದು ಉಸಿರು ಬಿಟ್ಟು ಸೇರಿಸಿದಳು, "ಆ ತಾಯಿನ ಹೊರಗೆ ಹಾಕಬೇಡಿ. ಹಾಕೋದಾದ್ರೆ ನನ್ನ ಹಾಕಿ, ಟಿಕ್ ನನ್ನದು."

ಡಾಕ್ಟರು ಬಂದರು. ಪಥ್ಯದ ಮೇಡಂ ಓಡಿಬಂದರು. ಕೊಳವೆ ನಿಂತಿತು. ಎರಡು ಗಂಟೆಗೊಮ್ಮೆ ಒಂದೊಂದು ಬಟ್ಟಲು ತೆಳು ಗಂಜಿ, ಎದುರಿಗೆ ನಿಂತು ಕುಡಿಸಬೇಕು ಎಂದಾಯಿತು. ಯಾರು ಕೊಂಡೊಯ್ಯುವುದು ಎಂಬ ಪ್ರಶ್ನೆ ಬಂದಾಗ ಎಲ್ಲರ ಕಣ್ಣು ಎಲ್ಲಿಗೆ ಹೋಯಿತೆಂದು ಬೇರೆ ಹೇಳಬೇಕಾಗಿಲ್ಲ. ದರ್ಜಿಯ ಹೆಂಡತಿಯನ್ನು ಹೊರಗೆ ಹಾಕಲಿಲ್ಲ. ಆದರೆ ಬಾಗಿಲ ಮೇಲಿನ ನಿಯಮವನ್ನು ಸಿಸ್ಟರ್ ಅವಳಿಗೆ ಮತ್ತೊಮ್ಮೆ ಓದಿ ಹೇಳಬೇಕಾಯಿತು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು.

ಮೇಡಂ ಹದಿನಾರು ಟಿಕ್ಕಿನ ಮೇಲೂ ಗೆರೆ ಎಳೆದರು. "ಯಾರು ತಿಂದ್ರು ಅಂತ ಇನ್ನೊಂದು ಕಾಲಂ ಹಾಕಬೇಕಿತ್ತು ನಾನು," ಅಂದರು. ನಗಲು ನೋಡಿದರು, ಆಗಲಿಲ್ಲ. ಸಂಜೆ ಮತ್ತೆ ಬಂದು ಬಾಗಿಲ ಬಳಿ ನಿಂತರು. "ಅಕ್ಕ, ಮೂರನೇ ಮಹಡಿ ಕಾರ್ಡು ನಂಬೋ ಹಾಗಿಲ್ಲ, ಈ ತಿಂಗಳ ಲೆಕ್ಕಕ್ಕೆ ತಗೋಬೇಡಿ ಅಂದ್ರು ಮೇಲಿನವರು. ಕುರ್ಚಿ ಎರಡನೇ ಮಹಡಿ ಗಾಡಿ ತಳ್ಳೋರಿಗೆ ಹೋಯ್ತು. ನಾನು ಹೇಳಿ ನೋಡ್ದೆ."

"ಗೊತ್ತಿತ್ತು ಮೇಡಂ," ಅಂದಳು ಗಾಡಿಯಕ್ಕ. ಕೋಪ ಮಾಡಿಕೊಳ್ಳಲಿಕ್ಕೂ ಒಂದಿಷ್ಟು ಕಸುವು ಬೇಕು. "ಅವಳ ಸೊಂಟವೂ ಸರಿಯಿಲ್ಲ. ಕೂರಲಿ ಬಿಡಿ."

ಮರುದಿನ ಮಧ್ಯಾಹ್ನ ಅವಳು ಚಕ್ರ ರಿಪೇರಿಯಾದ ಗಾಡಿಗೆ ತಟ್ಟೆ ಜೋಡಿಸಿ, ಗಂಜಿಯ ಬಟ್ಟಲನ್ನು ಮೇಲಿಟ್ಟು ಹೊರಡುವ ಹೊತ್ತಿಗೆ ಅಡುಗೆಯಣ್ಣ ಅನ್ನದ ದೊಡ್ಡ ಪಾತ್ರೆಯ ತಳ ಕೆರೆಯುತ್ತಿದ್ದ.

"ದಿನಾ ತಳದಲ್ಲಿ ಇಷ್ಟು ಉಳಿಯುತ್ತಲ್ಲ, ಇದೆಲ್ಲಿಗೆ ಹೋಗುತ್ತೆ?" ಎಂದು ಕೇಳಿದ.

"ಇನ್ನೆಲ್ಲಿಗೆ, ಬಕೆಟ್ಟಿಗೆ."

"ಇದು ಯಾವ ರೋಗಿ ಊಟ?"

"ಯಾರದೂ ಅಲ್ಲ."

"ಹಾಗಾದ್ರೆ ಬಾಗಿಲ ಮೇಲೆ ಬರೆದಿರೋದು ಇದಕ್ಕೆ ಅನ್ವಯ ಆಗಲ್ಲ," ಅಂದ ಅಡುಗೆಯಣ್ಣ. ತಳದ ಅನ್ನವನ್ನು ಒಂದು ತಟ್ಟೆಗೆ ಹಾಕಿ, ಬೇಳೆ ಸುರಿದು, ಬೆಂದ ತರಕಾರಿಯನ್ನು ಪಕ್ಕಕ್ಕಿಟ್ಟು, ಮುಚ್ಚಳ ಹಾಕಿ ಗಾಡಿಯ ಕೆಳಗಿನ ಹಲಗೆಯ ಮೇಲೆ ತಳ್ಳಿದ. ಚಾರ್ಟಿನ ಬಳಿ ನಿಂತಿದ್ದ ಪಥ್ಯದ ಮೇಡಂ ಅದನ್ನು ನೋಡಿದರು. ನೋಡಿ, ಅಂಟು ಬಿಟ್ಟಿದ್ದ ಚಾರ್ಟಿನ ಮೂಲೆಯನ್ನು ಹೆಬ್ಬೆರಳಿನಿಂದ ಬಹಳ ಹೊತ್ತು ಒತ್ತುತ್ತಾ ನಿಂತುಬಿಟ್ಟರು.

ಇಪ್ಪತ್ಮೂರು ಮಂಚಕ್ಕೂ ಎಷ್ಟು ಹಾಕಲಿ ಎಂದು ಕೇಳಿ ಮುಗಿಸಿ, ಎರಡನೇ ಸುತ್ತೂ ಮುಗಿಸಿ, ಗಾಡಿಯಕ್ಕ ಹನ್ನೊಂದಕ್ಕೆ ಬಂದಳು. ದರ್ಜಿಯ ಕೈಗೆ ಗಂಜಿಯ ಬಟ್ಟಲು ಕೊಟ್ಟು ಎದುರಿಗೆ ನಿಂತಳು. ಅವರು ಒಂದೊಂದೇ ಚಮಚ, ಕಣ್ಣು ಮುಚ್ಚಿಕೊಂಡು ನುಂಗಿದರು. ಅರ್ಧ ಬಟ್ಟಲಾಗಲು ಕಾಲು ಗಂಟೆ ಹಿಡಿಯಿತು. ಮಂಡಿ ಉರಿಯುತ್ತಿತ್ತು. ಕಾರ್ಡಿನಲ್ಲಿ ಅವಳು "ಅರ್ಧ" ಎಂದು ಬರೆದಳು.

ಹೆಂಡತಿ ಕಿಟಕಿಯತ್ತ ಮುಖ ಮಾಡಿ, ಖಾಲಿ ಬ್ರೆಡ್ಡಿನ ಚೀಲವನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದಳು. ಗಾಡಿಯಕ್ಕ ಸೊಂಟ ಬಗ್ಗಿಸಿ, ಕೆಳಗಿನ ಹಲಗೆಯಿಂದ ತಟ್ಟೆ ತೆಗೆದು, ಮುಚ್ಚಳ ಸರಿಸದೆ ಅವಳ ಎರಡೂ ಕೈಗೆ ಕೊಟ್ಟಳು.